ಒಂಬತ್ತು ಜನ, ಐದು ಊರು: ದೂರದ ಟೀಮ್ ನಡೆಸಿದ ನನ್ನ ಅನುಭವ

ನಾನು ನೋಡಿಕೊಳ್ಳುವ ಟೀಮಿನಲ್ಲಿ ಒಂಬತ್ತು ಜನ. ಬೆಂಗಳೂರಿನಲ್ಲಿ ನಾಲ್ವರು. ಹುಬ್ಬಳ್ಳಿ, ಸಿರ್ಸಿ, ಪುತ್ತೂರಿನಲ್ಲಿ ಒಬ್ಬೊಬ್ಬರು. ಪೋಲೆಂಡಿನ ಕ್ರಾಕೋವ್‌ನಲ್ಲಿ ಇಬ್ಬರು ಟೆಸ್ಟರ್‌ಗಳು. ಕೆಲಸ ಕೊಟ್ಟಿರುವುದು ನ್ಯೂಜೆರ್ಸಿಯ ಒಂದು ಇನ್ಶೂರೆನ್ಸ್ ಕಂಪನಿ. ಅವರ ಕ್ಲೇಮ್ ಸಾಫ್ಟ್‌ವೇರ್ ಬರೆಯುವುದು, ಕೆಟ್ಟರೆ ರಿಪೇರಿ ಮಾಡುವುದು ನಮ್ಮ ಪಾಲಿನದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಸುಮಾರು ಜನ ಲ್ಯಾಪ್‌ಟಾಪ್ ಹಿಡಿದು ಊರು ಸೇರಿದರು. ಎಲ್ಲ ತೆರೆದ ಮೇಲೂ ಕೆಲವರು ಬೆಂಗಳೂರಿಗೆ ವಾಪಸಾಗಲಿಲ್ಲ. ನಾನೂ ಬನ್ನಿ ಅನ್ನಲಿಲ್ಲ.

‘ಎಲ್ಲರೂ ಒಂದೇ ಕಡೆ ಇದ್ದಿದ್ದರೆ ಚೆನ್ನಾಗಿರ್ತಿತ್ತು ಅಲ್ವಾ’ ಎಂದು ಈಗಲೂ ಕೇಳುತ್ತಾರೆ. ನಮ್ಮ ಆಫೀಸು ಹೇಗಿತ್ತು ಅಂತ ನೆನಪಿಸಿಕೊಂಡರೆ ನನಗೆ ಹಾಗನ್ನಿಸುವುದಿಲ್ಲ. ನಾವು ಎರಡನೇ ಮಹಡಿ, ಡೇಟಾಬೇಸ್ ನೋಡುವವರು ಐದನೇ ಮಹಡಿ. ಲಿಫ್ಟ್ ಹತ್ತುವ ಬದಲು ಎಲ್ಲರೂ ಚಾಟ್ ಮಾಡುತ್ತಿದ್ದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ಥಾಮಸ್ ಅಲೆನ್ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಎಂಜಿನಿಯರ್‌ಗಳ ಮೇಜುಗಳ ನಡುವೆ ಸುಮಾರು ಐವತ್ತು ಮೀಟರ್ ದಾಟಿತೆಂದರೆ ಕೆಲಸದ ಮಾತುಕತೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಐವತ್ತು ಮೀಟರಿಗೇ ಹೀಗಾದರೆ ಸಿರ್ಸಿಯನ್ನು ಯಾಕೆ ದೂರಬೇಕು?

ನಿಜವಾಗಿ ಕಾಟ ಕೊಡುವುದು ಅರ್ಧಂಬರ್ಧ ವ್ಯವಸ್ಥೆ. ಬೆಂಗಳೂರಿನ ನಾಲ್ವರು ಮೀಟಿಂಗ್ ರೂಮಿನಲ್ಲಿ, ಉಳಿದವರು ಗೋಡೆಯ ಮೇಲಿನ ಟಿವಿಯಲ್ಲಿ. ರೂಮಿನಲ್ಲಿದ್ದವರು ಒಬ್ಬರ ಮಾತಿಗೊಬ್ಬರು ಸೇರಿಸುತ್ತಾರೆ, ಬೋರ್ಡಿನ ಮೇಲೆ ಚಿತ್ರ ಬರೆಯುತ್ತಾರೆ, ನಗುತ್ತಾರೆ. ಟಿವಿಯಲ್ಲಿದ್ದವರಿಗೆ ಯಾಕೆ ನಕ್ಕರು ಅಂತ ಗೊತ್ತಾಗುವುದಿಲ್ಲ. ಮೀಟಿಂಗ್ ಮುಗಿದು ಕಾಫಿಗೆ ಹೋದಾಗ ಅಸಲಿ ತೀರ್ಮಾನ ಆಗುತ್ತದೆ. ಮರುದಿನ ಪುತ್ತೂರಿನವಳು ಹಳೇ ತೀರ್ಮಾನ ಹಿಡಿದುಕೊಂಡು ಕೋಡ್ ಬರೆಯುತ್ತಾ ಕೂತಿರುತ್ತಾಳೆ.

ಅದಕ್ಕೆ ನಾವು ಮಾಡಿಕೊಂಡ ಕಟ್ಟಳೆ ಒಂದೇ. ಒಬ್ಬರು ಸ್ಕ್ರೀನಿನಲ್ಲಿದ್ದರೂ ಎಲ್ಲರೂ ಸ್ಕ್ರೀನಿನಲ್ಲೇ. ಆಫೀಸಿಗೆ ಬಂದವರೂ ತಮ್ಮ ತಮ್ಮ ಮೇಜಿನಲ್ಲಿ ಕೂತು, ಹೆಡ್‌ಫೋನ್ ಹಾಕಿ ಕಾಲ್ ಸೇರುತ್ತಾರೆ. ಪಕ್ಕ ಪಕ್ಕ ಕೂತು ಲ್ಯಾಪ್‌ಟಾಪಿಗೆ ಮಾತಾಡುವುದನ್ನು ನೋಡಿ ಬೇರೆ ಟೀಮಿನವರು ನಗುತ್ತಾರೆ. ನಗಲಿ. ಕಾಫಿ ಕುಡಿಯುವಾಗ ಏನಾದರೂ ತೀರ್ಮಾನ ಆಯಿತೋ, ಅದನ್ನು ಟಿಕೆಟ್ಟಿನಲ್ಲಿ, ಅಂದರೆ ಪ್ರತಿ ಕೆಲಸಕ್ಕೂ ಆನ್‌ಲೈನಿನಲ್ಲಿ ತೆರೆಯುವ ದಾಖಲೆಯಲ್ಲಿ, ಬರೆಯಬೇಕು. ಬರೆಯದಿದ್ದರೆ ಅದು ತೀರ್ಮಾನವೇ ಅಲ್ಲ, ಯಾರೂ ಪಾಲಿಸಬೇಕಿಲ್ಲ. ಮೊದಲು ಗೊಣಗಿದವರು ಬೆಂಗಳೂರಿನವರೇ. ಈಗ ವಾದ ಬಂದಾಗ ‘ಟಿಕೆಟ್ ನೋಡಿ’ ಎಂದು ಮೊದಲು ಹೇಳುವವರೂ ಅವರೇ.

ಬರೆಯುವುದು ಅಂದೆನಲ್ಲ, ಅದನ್ನು ಕಲಿಸುವುದೇ ನನ್ನ ಅರ್ಧ ಕೆಲಸ. ಗಿಟ್‌ಲ್ಯಾಬ್ ಎಂಬ ಕಂಪನಿ ತಾನು ಕೆಲಸ ಮಾಡುವ ರೀತಿಯನ್ನೆಲ್ಲ ಕೈಪಿಡಿ ಮಾಡಿ, ಯಾರು ಬೇಕಾದರೂ ಓದಲಿ ಎಂದು ಅಂತರ್ಜಾಲದಲ್ಲಿ ಇಟ್ಟಿದೆ. ನಮ್ಮದು ಅಷ್ಟು ದೊಡ್ಡದೇನಲ್ಲ. ದಿನದ ಕೊನೆಯಲ್ಲಿ ಕೆಲಸ ಬಿಡುವಾಗ ನಾಲ್ಕೈದು ಸಾಲಿನ ಟಿಪ್ಪಣಿ, ಅಷ್ಟೇ. ‘ಅಪ್‌ಲೋಡ್ ಕೆಲಸ ನಡೀತಿದೆ, ನಾಳೆ ಮುಗಿಸ್ತೀನಿ’ ಎಂದು ಬರೆದರೆ ಕ್ರಾಕೋವ್‌ನವರಿಗೆ ಏನೂ ಸಿಕ್ಕಂತಾಗಲಿಲ್ಲ. ಸಿರ್ಸಿಯ ಸೀನಿಯರ್ ಬರೆದ ಒಂದು ಟಿಪ್ಪಣಿಯನ್ನು ಹೊಸಬರಿಗೆಲ್ಲ ತೋರಿಸುತ್ತೇನೆ. ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ (ಪ್ರಾಕ್ಸಿ ಅಂದರೆ ಸರ್ವರಿಗೆ ಬರುವುದನ್ನೆಲ್ಲ ಮೊದಲು ತಾನು ಪಡೆದು ದಾಟಿಸುವ ಇನ್ನೊಂದು ಸರ್ವರ್, ಲಾಗ್ ಅಂದರೆ ಏನೇನಾಯಿತು ಎಂದು ಕಂಪ್ಯೂಟರ್ ಬರೆದಿಡುವ ದಾಖಲೆ):

‘ಹತ್ತು ಎಂಬಿಗಿಂತ ದೊಡ್ಡ ಫೋಟೋ ಹಾಕಿದರೆ ಪುಟ ಖಾಲಿ ಬರುತ್ತಿದೆ. ನಮ್ಮ ಸರ್ವರಿನ ಮಿತಿ ನೋಡಿದೆ, ಅಲ್ಲಿ ತೊಂದರೆ ಇಲ್ಲ. ಅದರ ಮುಂದಿರುವ ಪ್ರಾಕ್ಸಿಯ ಮಿತಿ ಇನ್ನೂ ನೋಡಿಲ್ಲ. ಮೊದಲು ಅಲ್ಲಿಂದ ಶುರು ಮಾಡಿ. ಲಾಗ್ ಟಿಕೆಟ್ಟಿಗೆ ಹಾಕಿದ್ದೇನೆ. ನ್ಯೂಜೆರ್ಸಿಯವರಿಗೆ ಇನ್ನೂ ಏನೂ ಹೇಳಿಲ್ಲ.’

ಏನು ನೋಡಿದೆ, ಏನು ನೋಡಿಲ್ಲ, ಮುಂದೆ ಎಲ್ಲಿಂದ ಹಿಡಿಯಬೇಕು, ಎಲ್ಲ ಇದೆ. ನನಗೆ ಜಾಸ್ತಿ ಇಷ್ಟ ಕೊನೆಯ ಸಾಲು. ಗ್ರಾಹಕರಿಗೆ ಯಾರು ಏನು ಹೇಳಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಇಬ್ಬರು ಎರಡು ಥರ ಹೇಳುತ್ತಾರೆ. ಆಮೇಲೆ ಸಮಾಧಾನ ಹೇಳುವ ಸರದಿ ನನ್ನದು. ನಾವು ರಾತ್ರಿ ಲ್ಯಾಪ್‌ಟಾಪ್ ಮುಚ್ಚುವಾಗ ಕ್ರಾಕೋವ್‌ನಲ್ಲಿ ಇನ್ನೂ ಕೆಲಸದ ಹೊತ್ತು. ಇಂಥ ಟಿಪ್ಪಣಿ ಇದ್ದರೆ ಅವರು ಅಲ್ಲಿಂದಲೇ ಮುಂದುವರಿಸುತ್ತಾರೆ. ನ್ಯೂಜೆರ್ಸಿಯವರು ಬೆಳಗ್ಗೆ ಹೇಳಿದ ದೂರು ಅವರ ಮಧ್ಯಾಹ್ನದ ಹೊತ್ತಿಗೆ ಎಷ್ಟೋ ಸಲ ಸರಿಯಾಗಿರುತ್ತದೆ. ಎಲ್ಲರೂ ಬೆಂಗಳೂರಿನಲ್ಲೇ ಇದ್ದಿದ್ದರೆ ಇದಕ್ಕೆ ಯಾರಾದರೂ ರಾತ್ರಿ ತಡವಾಗಿ ಕೂರಬೇಕಿತ್ತು.

ಇನ್ನು ಗಡಿಯಾರದ ವಿಷಯ. ಬೇಸಿಗೆಯಲ್ಲಿ ನ್ಯೂಜೆರ್ಸಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ಅವರ ಬೆಳಗಿನ 8.30ರ ಕಾಲ್ ನಮಗೆ ಸಂಜೆ 6ಕ್ಕೆ ಇದ್ದದ್ದು, ನವೆಂಬರಿನ ಮೊದಲ ಭಾನುವಾರದಿಂದ 7ಕ್ಕೆ ಹೋಗುತ್ತದೆ. ಯುರೋಪಿನವರು ಅಕ್ಟೋಬರಿನ ಕೊನೆಯ ಭಾನುವಾರವೇ ಮುಳ್ಳು ತಿರುಗಿಸಿರುತ್ತಾರೆ. ಹಾಗಾಗಿ ನಡುವಿನ ವಾರ ಪೂರ್ತಿ ಗೊಂದಲ. ಮಾರ್ಚಿನಲ್ಲಿ ಈ ಗೊಂದಲ ಇನ್ನೂ ಉದ್ದ, ಎರಡು ಮೂರು ವಾರ ಎಳೆಯುತ್ತದೆ. ಕ್ಯಾಲೆಂಡರಿನಲ್ಲಿ ಮೀಟಿಂಗನ್ನು ಯಾವ ಊರಿನ ಸಮಯಕ್ಕೆ ಕಟ್ಟಿದ್ದೀರಿ ಎನ್ನುವುದರ ಮೇಲೆ ಯಾರ ಊಟ ತಣ್ಣಗಾಗುತ್ತದೆ ಎನ್ನುವುದು ನಿಂತಿದೆ. ನಾವು ಎಲ್ಲವನ್ನೂ ಗ್ರಾಹಕರ ಸಮಯಕ್ಕೆ ಕಟ್ಟಿ, ಬದಲಾಗುವ ವಾರದ ಹಿಂದಿನ ಶುಕ್ರವಾರ ಮೂರೂ ಕಡೆಯ ಸಮಯ ಬರೆದು ಹಂಚುತ್ತೇವೆ.

ತಡರಾತ್ರಿ ಕಾಲ್ ಬಂದರೆ ಯಾರು ಕೂರಬೇಕು? ಮೊದಲೆಲ್ಲ ಮದುವೆಯಾಗದ ಹುಡುಗರ ತಲೆಗೇ ಅದು ಬೀಳುತ್ತಿತ್ತು. ‘ನಿನಗೇನಪ್ಪಾ, ಮನೆ ಮಕ್ಕಳು ಅಂತ ತಾಪತ್ರಯ ಇಲ್ವಲ್ಲ’ ಎನ್ನುವ ನ್ಯಾಯ. ಈಗ ಸರದಿ ಪಟ್ಟಿ ಇದೆ, ಅದರಲ್ಲಿ ನನ್ನ ಹೆಸರೂ ಇದೆ. ರಾತ್ರಿ ಕೂತವರು ಮರುದಿನ ಮಧ್ಯಾಹ್ನದವರೆಗೆ ಯಾರಿಗೂ ಸಿಗಬೇಕಿಲ್ಲ. ಕಾಗದದ ಮೇಲೆ ಇದು ಸುಲಭ. ಮಾವನ ಮನೆಯಲ್ಲಿ ಕೂತು ಕೆಲಸ ಮಾಡುವ ಹುಡುಗಿಗೆ ಬೆಳಗ್ಗೆ ಹತ್ತಕ್ಕೆ ಮಲಗಿರುವುದು ಯಾಕೆ ಅಂತ ವಿವರಿಸುವುದು ಸುಲಭ ಅಲ್ಲ. ನನ್ನ ಅತ್ತೆಯವರೂ ಅಷ್ಟೆ. ‘ಮನೇಲೇ ಇದ್ದೀಯಲ್ಲ, ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬಾ’ ಎನ್ನುತ್ತಾರೆ, ಕಾಲ್ ನಡುವೆಯೇ.

ಕರೆಂಟಿನ ಕಥೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಿರ್ಸಿಯಲ್ಲಿ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಗೊತ್ತಿಲ್ಲ. ಇನ್ವರ್ಟರ್ ಇದ್ದರೂ, ಅದಕ್ಕೆ ಬದಲಾಗುವ ಆ ಒಂದು ಕ್ಷಣದಲ್ಲಿ ರೂಟರ್ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಎರಡು ಮೂರು ನಿಮಿಷ ಮನುಷ್ಯ ಮಾಯ. ರೂಟರಿಗೆಂದೇ ಹನ್ನೆರಡು ವೋಲ್ಟಿನ ಚಿಕ್ಕ ಯುಪಿಎಸ್ ಸಿಗುತ್ತದೆ. ಅದನ್ನು ಟೀಮಿನ ಖರ್ಚಿನಲ್ಲಿ ಕೊಡಿಸಿದೆವು. ಗುಡುಗು ಸಿಡಿಲು ಶುರುವಾದರೆ ಯಾವ ಯುಪಿಎಸ್ಸೂ ಬೇಡ, ಪ್ಲಗ್ ಕಿತ್ತು ಕೂರುವುದೇ ಸರಿ. ಆಗ ಫೋನಿನಿಂದ ‘ಸಿಡಿಲು’ ಅಂತ ಒಂದೇ ಪದದ ಮೆಸೇಜ್ ಬಂದರೆ ಸಾಕು, ಯಾರೂ ಪ್ರಶ್ನೆ ಕೇಳುವುದಿಲ್ಲ.

ರಜೆಯ ಪಟ್ಟಿಯೂ ಹಾಗೇ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್, ನವೆಂಬರ್ 11ರ ಪೋಲೆಂಡಿನ ಸ್ವಾತಂತ್ರ್ಯ ದಿನ, ನಮ್ಮ ರಾಜ್ಯೋತ್ಸವ, ಇವೆಲ್ಲ ಎಚ್‌ಆರ್ ಕೊಡುವ ಪಟ್ಟಿಯಲ್ಲೇ ಸಿಗುತ್ತವೆ. ಸಿರ್ಸಿಯ ಮಾರಿಕಾಂಬಾ ಜಾತ್ರೆ ಸಿಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಆ ವಾರ ಮನೆ ತುಂಬ ನೆಂಟರು. ಅಡಿಕೆ ಕೊಯ್ಲೂ ಆ ಪಟ್ಟಿಯಲ್ಲಿ ಇಲ್ಲ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು ಸಿಕ್ಕ ದಿನವೇ ಕೊಯ್ಲು. ‘ನಾಳೆ ಸ್ಪ್ರಿಂಟ್ ರಿವ್ಯೂ ಮೀಟಿಂಗ್ ಇದೆ, ಮುಂದಿನ ವಾರ ಬನ್ನಿ’ ಎಂದರೆ ಅವರು ಬೇರೆ ತೋಟಕ್ಕೆ ಹೋಗಿರುತ್ತಾರೆ. ಇಂಥವನ್ನೆಲ್ಲ ವರ್ಷದ ಶುರುವಿನಲ್ಲೇ ಕೇಳಿ ಕ್ಯಾಲೆಂಡರಿಗೆ ಹಾಕುತ್ತೇನೆ. ನ್ಯೂಜೆರ್ಸಿಯ ಮ್ಯಾನೇಜರಿಗೂ ಈಗ ಅಡಿಕೆ ಗೊತ್ತು.

ದೂರದಿಂದ ನಡೆಸುವಾಗ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚುವುದು ಹೊಸಬರು. ಹುಬ್ಬಳ್ಳಿಯ ಹುಡುಗ ಕಾಲೇಜು ಮುಗಿಸಿ ನೇರ ನಮ್ಮಲ್ಲಿಗೆ ಬಂದವನು. ಬೆಳಗಿನ ಸ್ಟ್ಯಾಂಡಪ್‌ನಲ್ಲಿ, ಅಂದರೆ ದಿನದ ಚಿಕ್ಕ ಮೀಟಿಂಗಿನಲ್ಲಿ, ಕೇಳಿದಾಗೆಲ್ಲ ‘ಕೆಲಸ ನಡದೈತ್ರಿ ಮೇಡಂ’ ಎನ್ನುತ್ತಿದ್ದ. ಒಂದು ದಿನ ಕಾಲ್ ಮುಗಿದ ಮೇಲೆ ಅವನೊಬ್ಬನನ್ನೇ ಉಳಿಸಿಕೊಂಡು ‘ಸ್ಕ್ರೀನ್ ತೋರಿಸಪ್ಪ, ಎಲ್ಲಿದ್ದೀಯ ನೋಡೋಣ’ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ನಿನ್ನೆಯಿಂದ ಒಂದ ಕಡೆ ಸಿಕ್ಕೊಂಡೀನ್ರಿ ಮೇಡಂ. ನೀವೆಲ್ಲಾ ಬಿಜಿ ಇರ್ತೀರಿ ಅಂತ ಕೇಳ್ಲಿಲ್ರಿ’ ಎಂದ. ಸೆಟಪ್ಪಿನಲ್ಲಿ ಒಂದು ಫೈಲಿನ ಹಳೇ ಆವೃತ್ತಿ ಇತ್ತು. ಸಿರ್ಸಿಯವರನ್ನು ಕಾಲಿಗೆ ಸೇರಿಸಿದೆ, ನೋಡನೋಡುತ್ತಲೇ ಸರಿಯಾಯಿತು.

ಆಫೀಸಿನಲ್ಲಿದ್ದರೆ ಪಕ್ಕದವರು ಅವನ ಮುಖ ನೋಡಿಯೇ ‘ಏನಾಯ್ತೋ’ ಎನ್ನುತ್ತಿದ್ದರು. ಅವನು ಇನ್ನೊಬ್ಬರ ಜಗಳ, ಫೋನ್ ಮಾತು, ಬೈಗುಳ ಕೇಳಿಸಿಕೊಂಡೇ ಅರ್ಧ ಕಲಿಯುತ್ತಿದ್ದ. ಮನೆಯಲ್ಲಿ ಕೂತವನಿಗೆ ಇದ್ಯಾವುದೂ ಕಿವಿಗೆ ಬೀಳುವುದಿಲ್ಲ. ಇದು ರಿಮೋಟ್ ಕೆಲಸದ ನಿಜವಾದ ನಷ್ಟ. ಇದಕ್ಕೆ ಪೂರ್ತಿ ಮದ್ದು ನನಗೆ ಸಿಕ್ಕಿಲ್ಲ.

ಮಾಡಿದ್ದು ಇಷ್ಟು. ಬೆಳಗ್ಗೆ ಹನ್ನೊಂದರಿಂದ ಹನ್ನೆರಡು ಒಂದು ವಿಡಿಯೋ ರೂಮ್ ತೆರೆದಿಡುತ್ತೇವೆ. ಅಜೆಂಡಾ ಇಲ್ಲ. ಎಲ್ಲರೂ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತಾರೆ, ಯಾರಾದರೊಬ್ಬ ಸೀನಿಯರ್ ಸ್ಕ್ರೀನ್ ತೋರಿಸಿಕೊಂಡೇ ಕೋಡ್ ಬರೆಯುತ್ತಿರುತ್ತಾರೆ. ಹೊಸಬರು ಸುಮ್ನೆ ನೋಡಿದರೂ ಆಯಿತು. ಅರ್ಧ ಗಂಟೆಗಿಂತ ಜಾಸ್ತಿ ಎಲ್ಲಾದರೂ ಸಿಕ್ಕಿಕೊಂಡರೆ ಎಲ್ಲರಿಗೂ ಕಾಣುವ ಗುಂಪಿನಲ್ಲಿ ಕೇಳಬೇಕು, ಒಬ್ಬರಿಗೆ ಗುಟ್ಟಾಗಿ ಕೇಳುವಂತಿಲ್ಲ. ಇದು ನಡೆಯಬೇಕಾದರೆ ಸೀನಿಯರ್‌ಗಳು ಮೊದಲು ಪೆದ್ದು ಪ್ರಶ್ನೆ ಕೇಳಬೇಕು. ಪುತ್ತೂರಿನವಳು ಈ ವಿಷಯದಲ್ಲಿ ಗಟ್ಟಿ. ‘ಮಾರಾಯ್ರೇ, ಇದೆಂತ ಅಂತ ಯಾರಾದ್ರೂ ಹೇಳಿ’ ಎಂದು ಗುಂಪಿನಲ್ಲಿ ಕೇಳಿಬಿಡುತ್ತಾಳೆ. ಹಾಗೆ ನೋಡಿದರೆ ಕ್ಲೇಮ್ ನಿಯಮಗಳ ಕೋಡು ಅವಳಷ್ಟು ಯಾರಿಗೂ ಗೊತ್ತಿಲ್ಲ. ಮಗು ಆದ ಮೇಲೆ ಬೆಂಗಳೂರಿಗೇ ಬರಬೇಕು ಎಂದರೆ ಕೆಲಸ ಬಿಡುತ್ತೇನೆ ಎಂದಿದ್ದಳು. ಅಷ್ಟು ತಿಳಿವಳಿಕೆಯನ್ನು ಹೊಸಬರಿಗೆ ಕಟ್ಟಿಕೊಡಲು ವರ್ಷಗಳೇ ಬೇಕು.

ಕೆಲಸ ಮಾಡ್ತಿದ್ದಾರೋ ಇಲ್ವೋ ಅಂತ ಕಂಪ್ಯೂಟರಿನ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಹಾಕೋಣ ಎಂಬ ಸಲಹೆ ಬೇರೆ ಒಂದು ವಿಭಾಗದಿಂದ ಬಂದಿತ್ತು. ನಾನು ಬೇಡವೆಂದೆ. ಮೌಸನ್ನು ತನ್ನಷ್ಟಕ್ಕೆ ಅಲುಗಾಡಿಸುವ ಯಂತ್ರವೂ ಆನ್‌ಲೈನಿನಲ್ಲಿ ಮಾರಾಟಕ್ಕಿದೆ. ಅವರದ್ದೊಂದು ಯಂತ್ರ, ಇವರದ್ದೊಂದು ಯಂತ್ರ, ಎರಡೂ ಆಟ ಆಡಿಕೊಂಡಿರುತ್ತವೆ. ದಿನದ ಕೊನೆಯ ಟಿಪ್ಪಣಿ ಓದಿದರೆ ಯಾರು ಎಷ್ಟು ಮಾಡಿದ್ದಾರೆ ಅಂತ ನನಗೆ ತಿಳಿಯುತ್ತದೆ.

ಆದರೆ ನನ್ನ ಮೇಲಿನವರಿಗೆ ತಿಳಿಯುವುದಿಲ್ಲ. ಅಪ್ರೈಸಲ್ ಹೊತ್ತಿಗೆ ಕಣ್ಣೆದುರು ಓಡಾಡಿದವರ ಹೆಸರೇ ಅವರ ಬಾಯಿಗೆ ಬರುತ್ತದೆ. ಸಿರ್ಸಿಯವರು ನಡುರಾತ್ರಿ ಉಳಿಸಿಕೊಟ್ಟ ಸಾಫ್ಟ್‌ವೇರ್ ರಿಲೀಸನ್ನು ಯಾರೂ ನೋಡಿಲ್ಲವಲ್ಲ. ಅದಕ್ಕೇ ಪ್ರತಿ ತಿಂಗಳೂ ಒಬ್ಬೊಬ್ಬರ ಹೆಸರಿನ ಮುಂದೆ ಮಾಡಿದ ಕೆಲಸ ಬರೆದಿಡುತ್ತೇನೆ. ಗ್ರಾಹಕರ ಮುಂದೆ ಡೆಮೊ ಕೊಡುವಾಗ ಆ ಕೆಲಸ ಮಾಡಿದವರೇ ಮಾತಾಡಬೇಕು, ನಾನಲ್ಲ. ಹುಬ್ಬಳ್ಳಿಯ ಹುಡುಗನ ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ.

ಈಗ ವಾರಕ್ಕೆ ಮೂರು ದಿನ ಎಲ್ಲರೂ ಆಫೀಸಿಗೆ ಬರಬೇಕೆಂಬ ಸುತ್ತೋಲೆ ಬಂದಿದೆ. ಊರಿನಲ್ಲಿರುವ ಮೂವರಿಗೂ ವಿನಾಯಿತಿ ಕೇಳಿದ್ದೆ, ಆರು ತಿಂಗಳ ಮಟ್ಟಿಗೆ ಸಿಕ್ಕಿದೆ. ಮುಂದಿನ ಸಲಕ್ಕೆ ಬೇಕಾಗುತ್ತದೆ ಅಂತ ಈಗಿನಿಂದಲೇ ಪುರಾವೆ ಕೂಡಿಡುತ್ತಿದ್ದೇನೆ: ಯಾವ ಟಿಕೆಟ್ ಯಾರು ಮುಗಿಸಿದರು, ಗ್ರಾಹಕರ ಮೇಲ್‌ಗಳು, ಒಬ್ಬರು ಬಿಟ್ಟು ಹೋದರೆ ಬದಲಿ ಹುಡುಕಿ ತಯಾರು ಮಾಡಲು ತಗಲುವ ಖರ್ಚು. ಬೆಂಗಳೂರಿನ ನಾಲ್ವರು ಮಾತ್ರ ಮಂಗಳವಾರದಿಂದ ಗುರುವಾರ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಆಫೀಸಿಗೆ ಬಂದು, ಹೆಡ್‌ಫೋನ್ ಹಾಕಿಕೊಂಡು ಅದೇ ಕಾಲ್ ಸೇರುತ್ತಾರೆ.