ಎಂಟನೇ ಕ್ಲಾಸು ದಾಟಿದ ಬಗೆ

ಹೈಸ್ಕೂಲು ಶುರುವಾಗುವುದು ಎಂಟನೇ ಕ್ಲಾಸಿನಿಂದ, ಜೂನ್ ತಿಂಗಳಲ್ಲಿ. ನಮ್ಮಲ್ಲಿ ಮಳೆಗಾಲ ಶುರುವಾಗುವುದೂ ಜೂನ್‌ನಲ್ಲೇ. ಇವೆರಡನ್ನೂ ಒಂದೇ ತಿಂಗಳಿಗೆ ಇಟ್ಟ ಪುಣ್ಯಾತ್ಮರು ಮಲೆನಾಡಿನವರಂತೂ ಆಗಿರಲಿಕ್ಕಿಲ್ಲ. ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಈ ಲೆಕ್ಕವನ್ನು ನಾವು ಬಾಯಿಪಾಠ ಮಾಡಬೇಕಿರಲಿಲ್ಲ. ಅದರಲ್ಲಿ ಸುಮಾರು ಪಾಲು ನಮ್ಮ ಬ್ಯಾಗಿನೊಳಗೇ ಇರುತ್ತಿತ್ತು.

ಏಳನೇ ಕ್ಲಾಸಿನಲ್ಲಿ ನಮ್ಮದೇ ಯಜಮಾನಿಕೆ. ಗಂಟೆ ಹೊಡೆಯುವುದು, ಆಫೀಸಿನಿಂದ ಸೀಮೆಸುಣ್ಣ ತರುವುದು, ಚಿಕ್ಕವರಿಗೆ ಜೋರು ಮಾಡುವುದು ಎಲ್ಲ ನಾವೇ. ಹೈಸ್ಕೂಲಿಗೆ ಹೋದ ದಿನ ಮೀಸೆ ಚಿಗುರಿದ ಹತ್ತನೇ ಕ್ಲಾಸಿನ ಅಣ್ಣ ಒಬ್ಬ ನಮ್ಮ ಗುಂಪನ್ನು ತಡೆದು, "ಹೋಯ್, ಅಂಗನವಾಡಿ ಆಚೆ ಬದಿಗೆ" ಅಂದ. ಒಂದೇ ಒಂದು ಬೇಸಿಗೆ ರಜೆಯಲ್ಲಿ ಮನುಷ್ಯ ಇಷ್ಟು ಕೆಳಗೆ ಇಳಿಯಬಹುದು ಅಂತ ಅವತ್ತೇ ಗೊತ್ತಾಗಿದ್ದು.

ಆಮೇಲೆ ಮೇಷ್ಟ್ರುಗಳು. ಅಲ್ಲಿಯವರೆಗೆ ಒಬ್ಬಿಬ್ಬರ ಮೂಡು ನೋಡಿಕೊಂಡರೆ ದಿನ ಕಳೆಯುತ್ತಿತ್ತು. ಇಲ್ಲಿ ಪಿರಿಯಡ್ಡಿಗೊಬ್ಬರು. ಗಣಿತದವರು ಸಿಟ್ಟಿನಲ್ಲಿ ಹೊರಗೆ ಹೋದರೆ ಅದೇ ಬಾಗಿಲಲ್ಲಿ ವಿಜ್ಞಾನದವರು ಹೊಸ ಸಿಟ್ಟಿನೊಂದಿಗೆ ಒಳಗೆ ಬರುತ್ತಿದ್ದರು. ಕನ್ನಡದವರದ್ದು ಇನ್ನೊಂದು ಥರ. ಒತ್ತಕ್ಷರ ತಪ್ಪಿದರೆ ಬೈಯುತ್ತಿರಲಿಲ್ಲ. "ಕುವೆಂಪು ಬೆಳೆದ ತಾಲೂಕು ಕಣೋ ಇದು" ಅಂತ ನಿಟ್ಟುಸಿರು ಬಿಡುತ್ತಿದ್ದರು. ಒಂದು ಸಣ್ಣ ಒತ್ತಿಗೆ ಕುಪ್ಪಳಿಯ ಮಾನ ಹೋಗುತ್ತದೆ ಅಂದರೆ ಯಾರಿಗೆ ತಾನೇ ಕೈ ನಡುಗುವುದಿಲ್ಲ?

ನನ್ನನ್ನು ಉಳಿಸಿದ್ದು ಮಾಡಿನ ಶೀಟು. ನಮ್ಮ ಕ್ಲಾಸಿಗೆ ಹೆಂಚು ಇರಲಿಲ್ಲ, ತಗಡಿನ ಶೀಟು ಹೊದೆಸಿದ್ದರು. ಮಳೆ ಜೋರಾದರೆ ಮೇಷ್ಟ್ರ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಹಾಗಾದರೆ ನಮ್ಮ ಮಾತೂ ಅವರಿಗೆ ಕೇಳುವುದಿಲ್ಲ ಅಲ್ವಾ? ಇದು ಹೊಳೆದ ಮೇಲೆ ನನ್ನ ಓದು ಸಲೀಸಾಯಿತು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲಬೇಕು. ಕೈ ಹಿಂದೆ ಕಟ್ಟಬೇಕು. ಮುಖದಲ್ಲಿ ಧೈರ್ಯ ಇರಬೇಕು. ತುಟಿ ಆಡಿಸಬೇಕು. ಸುಮ್ನೆ ಆಡಿಸಿದರೆ ಸಾಲದು, ನಡುವೆ ಒಮ್ಮೆ ನೆನಪು ಮಾಡಿಕೊಂಡವರ ಹಾಗೆ ನಿಲ್ಲಿಸಿ ಮುಂದುವರಿಸಬೇಕು. ನಾನು ಹಿಂದಿಯ ಪದ್ಯವೊಂದನ್ನು ಹೀಗೆ ಪೂರ್ತಿ ಒಪ್ಪಿಸಿ "ಕೂತ್ಕೋ" ಅನ್ನಿಸಿಕೊಂಡಿದ್ದೇನೆ. ಒಂದೇ ಎಚ್ಚರಿಕೆ: ಮಳೆ ಥಟ್ಟನೆ ನಿಲ್ಲುವ ಆರಿದ್ರಾ ಮಳೆಯ ಹೊಳವಿನ ದಿನ ಈ ಕಸರತ್ತು ಬೇಡ. ನನ್ನ ಪಕ್ಕದವನು ಅಂಥದ್ದೇ ದಿನ ತುಟಿ ಆಡಿಸುತ್ತಾ ನಿಂತಿದ್ದ. ಮಳೆ ನಿಂತಿತು. ತುಟಿ ನಿಲ್ಲಲಿಲ್ಲ.

ಶಾಲೆಗೆ ಬರುವುದೇ ಒಂದು ಪಿರಿಯಡ್ಡಿನಷ್ಟು ಕೆಲಸ. ಕಾಡುದಾರಿಯಲ್ಲಿ ಇಂಬಳ, ಅಂದರೆ ಜಿಗಣೆ. ಅದು ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಬಿಟ್ಟ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪದಾರ್ಥ ಅದರ ಜೊಲ್ಲಿನಲ್ಲಿದೆಯಂತೆ. ವಿಜ್ಞಾನದವರು ಇದನ್ನು ಹೇಳಿದ್ದು ನನ್ನ ಬಿಳಿ ಸಾಕ್ಸನ್ನೇ ಇಡೀ ಕ್ಲಾಸಿಗೆ ಉದಾಹರಣೆಯಾಗಿ ತೋರಿಸುತ್ತಾ. ಅವತ್ತಿನಿಂದ ಅಜ್ಜಿಯ ಕವಳದ ತಟ್ಟೆಯಿಂದ ಹೊಗೆಸೊಪ್ಪು, ಸುಣ್ಣ ಎತ್ತಿಕೊಂಡು ಮೊಣಕಾಲಿನವರೆಗೆ ತಿಕ್ಕಿಕೊಂಡು ಹೊರಡುತ್ತಿದ್ದೆ. ಇಂಬಳ ದೂರವಾಯಿತು. ಪಿ.ಟಿ. ಮೇಷ್ಟ್ರು ಹತ್ತಿರವಾದರು. ಎಲ್ಲಿಂದಲೋ ಹೊಗೆಸೊಪ್ಪಿನ ವಾಸನೆ ಬರುತ್ತಿದೆ ಅಂತ ಸಾಲಾಗಿ ನಿಲ್ಲಿಸಿ ಬಾಯಿ ತೆಗೆಸಿದರು. ನನ್ನ ಸರದಿ ಬಂದಾಗ ನಾನು ಪ್ಯಾಂಟು ಮೇಲೆತ್ತಿ ಕಾಲು ತೋರಿಸಿದೆ. ಅವರು ಬಯಲುಸೀಮೆ ಕಡೆಯವರು, ಪಾಪ. ಅರ್ಥ ಮಾಡಿಸುವಷ್ಟರಲ್ಲಿ ಪಿರಿಯಡ್ಡು ಮುಗಿಯಿತು.

ಯೂನಿಫಾರ್ಮ್ ಒಣಗುವುದು ಬಚ್ಚಲ ಒಲೆಯ ಮೇಲೆ. ಎಲ್ಲರ ಮನೆಯಲ್ಲೂ ಅಷ್ಟೇ. ಹಾಗಾಗಿ ಜುಲೈ ಹೊತ್ತಿಗೆ ಇಡೀ ಕ್ಲಾಸು ಹೊಗೆಯ ವಾಸನೆ. ಯಾರ ಮನೆಯಲ್ಲಿ ಹಲಸಿನ ಕಟ್ಟಿಗೆ, ಯಾರ ಮನೆಯಲ್ಲಿ ಅಡಿಕೆ ಹಾಳೆ ಉರಿಸುತ್ತಾರೆ ಅಂತ ಮೂಗಿನಲ್ಲೇ ಹೇಳುವ ಹುಡುಗಿ ಒಬ್ಬಳಿದ್ದಳು. ಅವಳು ಗಣಿತದಲ್ಲೂ ಜಾಣೆ.

ಸರ್ಕಾರ ಆಗ ಎಂಟನೇ ಕ್ಲಾಸಿಗೆ ಸೈಕಲ್ ಕೊಡುತ್ತಿತ್ತು. 2006-07ರಲ್ಲಿ ಶುರುವಾದ ಯೋಜನೆ. ಒಳ್ಳೆಯ ಯೋಜನೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ದಾರಿಯಲ್ಲಿ ಒಂದು ಏರು, ಒಂದು ಇಳಿಜಾರು, ನಡುವೆ ಹಳ್ಳ ದಾಟಲು ಅಡಿಕೆ ಮರದ ಸಂಕ. ಏರಿನಲ್ಲಿ ತಳ್ಳಬೇಕು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ ಅಂತ ಇಳಿಯಬೇಕು, ಸಂಕದ ಮೇಲೆ ಹೆಗಲಿಗೆ ಹೊರಬೇಕು. ಅದು ನಮ್ಮನ್ನು ಹೊತ್ತಿದ್ದಕ್ಕಿಂತ ನಾವು ಅದನ್ನು ಹೊತ್ತಿದ್ದೇ ಜಾಸ್ತಿ.

ಮಳೆ ರಜೆ ಕೊಟ್ಟ ಸುದ್ದಿ ನಮಗೆ ಮುಟ್ಟುತ್ತಿದ್ದದ್ದು ಶಾಲೆಯ ಗೇಟಿನಲ್ಲಿ. ಪೂರ್ತಿ ನೆಂದು ಬಂದವರಿಗೆ "ರಜೆ, ಮನೆಗೆ ಹೋಗಿ" ಅನ್ನುತ್ತಿದ್ದರು. ಮತ್ತೆ ನೆನೆದುಕೊಂಡು ಹೋಗುತ್ತಿದ್ದೆವು. ಆ ರಜೆಯನ್ನೂ ಮುಂದೆ ಶನಿವಾರ ಮಧ್ಯಾಹ್ನ ಕೂರಿಸಿ ವಸೂಲಿ ಮಾಡುತ್ತಿದ್ದರು.

ಮಳೆ ಮುಗಿಯಿತು ಅನ್ನುವಷ್ಟರಲ್ಲಿ ಅಡಿಕೆ ಕೊಯ್ಲು. ಸುಲಿದ ಅಡಿಕೆಗೆ ಡಬ್ಬದ ಲೆಕ್ಕ. ರಾತ್ರಿ ಸುಲಿಯಲು ಕೂತರೆ ಬೆಳಗ್ಗೆ ಏಳಲಿಕ್ಕಾಗುವುದಿಲ್ಲ. ಅಪ್ಪಯ್ಯನ ಹತ್ತಿರ ರಜಾ ಅರ್ಜಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದೆ. "ವಿಪರೀತ ಜ್ವರ ಇದ್ದ ಕಾರಣ" ಅಂತ ಒಕ್ಕಣೆ. ಅಕ್ಷರ ಚೆನ್ನಾಗಿತ್ತು, ಒತ್ತಕ್ಷರವೂ ಸರಿ ಇತ್ತು. ತೊಂದರೆ ಇದ್ದದ್ದು ಅರ್ಜಿ ಹಿಡಿದ ಕೈಯಲ್ಲಿ. ಹಸಿ ಅಡಿಕೆಯ ಕಲೆ ಸೋಪಿಗೂ ಹೋಗುವುದಿಲ್ಲ, ಕಲ್ಲಿಗೆ ತಿಕ್ಕಿದರೂ ಹೋಗುವುದಿಲ್ಲ. ಹತ್ತು ಬೆರಳೂ ಕಪ್ಪು, ಉಗುರಿನ ಸಂದಿಯಂತೂ ಮಸಿ.

ಹೆಡ್ ಮೇಷ್ಟ್ರಿಗೂ ತೋಟ ಇತ್ತು. ಅರ್ಜಿ ಓದಿದರು. ಕನ್ನಡಕದ ಮೇಲಿಂದ ನನ್ನ ಬೆರಳು ನೋಡಿದರು.

"ಜ್ವರ ಎಷ್ಟು ಡಬ್ಬ ಆಯ್ತು?"

"ಎರಡೂವರೆ ಸರ್."

"ನಿನ್ನ ವಯಸ್ಸಿಗೆ ಕಮ್ಮಿ ಆಯ್ತು. ಹೋಗು, ಕ್ಲಾಸಿಗೆ ಹೋಗು."