ಕಾಂತೀಯ ನ್ಯಾನೋಕಣಗಳ ಮೇಲೆ ಲೈಪೇಸ್ ಕೂರಿಸಿದ್ದು: ನನ್ನ ಅನುಭವ

ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವವನ್ನು ನೀರಲ್ಲಿ ಕರಗಿಸಿ ಬಳಸಿದರೆ, ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಪಡೆಯುವುದು ಕಷ್ಟ. ಕಾಂತೀಯ ಕಣಕ್ಕೆ ಕಟ್ಟಿಬಿಟ್ಟರೆ ಆ ತಲೆನೋವಿಲ್ಲ. ಬೀಕರಿನ ಪಕ್ಕ ಒಂದು ನಿಯೋಡಿಮಿಯಂ ಮ್ಯಾಗ್ನೆಟ್ ಹಿಡಿದರೆ ಸಾಕು, ಕಿಣ್ವವನ್ನು ಹೊತ್ತ ಕಣಗಳು ಬಂದು ಗೋಡೆಗೆ ಅಂಟುತ್ತವೆ.

ಈ ಕಣಗಳು ಮ್ಯಾಗ್ನಟೈಟ್, ಅಂದರೆ ಕಾಂತೀಯ ಕಬ್ಬಿಣದ ಆಕ್ಸೈಡ್. ಅದನ್ನು ಮಾಡುವುದು ಸುಲಭ. ಫೆರಿಕ್ ಮತ್ತು ಫೆರಸ್ ಕ್ಲೋರೈಡನ್ನು 2:1 ಮೋಲ್ ಅನುಪಾತದಲ್ಲಿ ಕರಗಿಸಿ, ನೈಟ್ರೋಜನ್ ಹರಿಸುತ್ತಾ ಅಮೋನಿಯ ಹಾಕಿದೆ. ನೋಡನೋಡುತ್ತಲೇ ಕಪ್ಪಾಯಿತು. ಕಂದು ಬಣ್ಣಕ್ಕೆ ತಿರುಗಿದರೆ ಗಾಳಿ ಒಳಗೆ ಹೋಗಿದೆ ಎಂದರ್ಥ. ಕಲಕಲು ಮ್ಯಾಗ್ನೆಟಿಕ್ ಸ್ಟಿರರ್ ಮಾತ್ರ ಬೇಡ, ಕಣಗಳೆಲ್ಲ ಅದರ ಬಾರ್‌ಗೇ ಮುತ್ತಿಕೊಳ್ಳುತ್ತವೆ. ಮೇಲಿಂದ ಮೋಟಾರಿನಲ್ಲಿ ತಿರುಗುವ ಕಡ್ಡಿಯೇ ಸರಿ.

ಆಮೇಲೆ ಟಿಇಒಎಸ್ (ಸಿಲಿಕಾ ಕೊಡುವ ಸಿಲಿಕಾನ್ ಸಂಯುಕ್ತ) ಬಳಸಿ ತೆಳುವಾದ ಸಿಲಿಕಾ ಪದರ. ಅದರ ಮೇಲೆ ಎಪಿಟಿಇಎಸ್ (ಅಮೈನ್ ಹೊತ್ತ ಸಿಲಿಕಾನ್ ಸಂಯುಕ್ತ), ಅಮೈನ್ ಗುಂಪು ಕೂರಿಸಲು; ಕಿಣ್ವವನ್ನು ಕಟ್ಟಲು ಈ ಸಾರಜನಕದ ಗುಂಪೇ ಹಿಡಿಕೆ. ನಿಜವಾದ ಕಸರತ್ತು ಇಲ್ಲೇ. ನೀರು ಜಾಸ್ತಿಯಾದರೆ ಎಪಿಟಿಇಎಸ್ ಕಣಕ್ಕೆ ಅಂಟುವ ಮೊದಲು ತನ್ನಲ್ಲೇ ಹೆಣೆದುಕೊಳ್ಳುತ್ತದೆ. ಅದಕ್ಕೇ ಎಥನಾಲ್‌ನಲ್ಲಿ, ನೀರನ್ನು ಅಳೆದು ಹಾಕಿ ಮಾಡಿದೆ. ಸಡಿಲವಾಗಿ ಅಂಟಿದ್ದು ಹೋಗುವವರೆಗೆ ಎಥನಾಲ್‌ನಲ್ಲಿ ತೊಳೆದೆ. ನಿನ್‌ಹೈಡ್ರಿನ್ (ಅಮೈನ್ ಇದ್ದರೆ ಬಣ್ಣ ಕೊಡುವ ರಾಸಾಯನಿಕ) ಹಾಕಿ ಕಣಗಳನ್ನು ಬಿಸಿ ಮಾಡಿದರೆ ನೇರಳೆ ಬರಬೇಕು. ತೊಳೆದ ಎಥನಾಲಿನಲ್ಲೂ ನೇರಳೆ ಬಂದರೆ ಇನ್ನೂ ತೊಳೆಯಬೇಕು. ಈ ಪರೀಕ್ಷೆ ಬಿಟ್ಟವರು ಮುಂದೆ ಪಡುವ ಪಾಡು ಕಣ್ಣಾರೆ ಕಂಡಿದ್ದೇನೆ.

ಮುಂದೆ ಗ್ಲುಟರಾಲ್ಡಿಹೈಡ್, ಎರಡೂ ತುದಿಯಲ್ಲಿ ಹಿಡಿಯಬಲ್ಲ ಕೊಂಡಿ. ಅದರ ಒಂದು ತುದಿ ಕಣದ ಅಮೈನ್ ಹಿಡಿಯುತ್ತದೆ, ಇನ್ನೊಂದು ಕಿಣ್ವದ ಲೈಸಿನ್ (ಅಮೈನ್ ಇರುವ ಅಮೈನೋ ಆಮ್ಲ) ಹಿಡಿಯುತ್ತದೆ. ಕಿಣ್ವ ಹಾಕುವ ಮೊದಲು ಮಿಕ್ಕಿದ್ದನ್ನು ಪೂರ್ತಿ ತೊಳೆಯಲೇಬೇಕು, ಇಲ್ಲದಿದ್ದರೆ ಕಿಣ್ವಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಿಎಚ್ ಬದಲಾಗದಂತೆ ಹಿಡಿದಿಡುವ ಬಫರ್ ದ್ರಾವಣ ಬೇಕು, ಆದರೆ ಟ್ರಿಸ್ ಬಫರ್ ಬಳಸಬೇಡಿ, ಅದರಲ್ಲೂ ಅಮೈನ್ ಇದೆಯಲ್ವಾ, ಕಿಣ್ವದ ಜಾಗಕ್ಕೆ ಅದೇ ಹೋಗಿ ಕೂರುತ್ತದೆ. ನಾನು ಬಳಸಿದ್ದು ಪಿಎಚ್ 7ರ ಫಾಸ್ಫೇಟ್.

ಎಷ್ಟು ಪ್ರೋಟೀನ್ (ಅಂದರೆ ಕಿಣ್ವ) ಕೂತಿತು ಎನ್ನುವುದನ್ನು ಬ್ರಾಡ್‌ಫರ್ಡ್ ಎಂಬ ಬಣ್ಣದ ಪರೀಕ್ಷೆ ಹೇಳುತ್ತದೆ. ಹಾಕಿದ್ದರಿಂದ ಉಳಿದ ದ್ರಾವಣದಲ್ಲಿರುವುದನ್ನೂ ತೊಳೆದ ನೀರಲ್ಲಿರುವುದನ್ನೂ ಕಳೆದರಾಯಿತು. ಅಲ್ಲಿಗೇ ಖುಷಿಪಡಬೇಡಿ. ಸುಮ್ನೆ ಮೇಲ್ಮೈಗೆ ತಾಗಿ ನಿಂತ ಕಿಣ್ವವೂ ಆ ಲೆಕ್ಕದಲ್ಲಿ ಸೇರಿರುತ್ತದೆ. 1 ಮೋಲಾರ್ ಉಪ್ಪಿನ ದ್ರಾವಣದಲ್ಲಿ ತೊಳೆದರೆ ವಿದ್ಯುದಾವೇಶದಿಂದಷ್ಟೇ ಅಂಟಿದ್ದು ಬಿಟ್ಟು ಬರುತ್ತದೆ. ಜಾಸ್ತಿ ಪ್ರೋಟೀನ್ ತುಂಬಿದರೆ ಜಾಸ್ತಿ ಕೆಲಸ ಎಂದೂ ಅಲ್ಲ. ಒತ್ತೊತ್ತಾಗಿ ಕೂತರೆ ಲೈಪೇಸ್ ಕೆಲಸ ಮಾಡುವ ಜಾಗವನ್ನು ಮುಚ್ಚಿರುವ ಅದರದೇ ಭಾಗ, ಅಂದರೆ ಮುಚ್ಚಳ, ತೆರೆಯಲು ಜಾಗ ಸಾಲದೇ ಹೋಗಬಹುದು. ಹಾಗಾಗಿ ನನಗೆ ಮುಖ್ಯವಾದದ್ದು ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ ಸಿಗುವ ಚಟುವಟಿಕೆ. ಅದನ್ನು ಪಿ-ನೈಟ್ರೋಫಿನೈಲ್ ಪಾಮಿಟೇಟ್ ಎಂಬ ಕೊಬ್ಬಿನಾಮ್ಲದ ಎಸ್ಟರನ್ನು ಲೈಪೇಸ್ ಒಡೆದಾಗ ಬರುವ ಹಳದಿಯನ್ನು 410 ನ್ಯಾನೋಮೀಟರ್ ಬೆಳಕಿನಲ್ಲಿ ಓದಿ ಅಳೆದೆ. ಓದುವ ಮೊದಲು ಕಣಗಳನ್ನು ಮ್ಯಾಗ್ನೆಟ್‌ನಿಂದ ಎಳೆದಿಡಬೇಕು, ಅವುಗಳ ಕಪ್ಪು ರೀಡಿಂಗ್ ಕೆಡಿಸುತ್ತದೆ.

ತಯಾರಾದದ್ದನ್ನು ಒಣಗಿಸಬೇಡಿ, ಗಂಟು ಕಟ್ಟಿದರೆ ಮತ್ತೆ ಬಿಡಿಸುವುದು ಕಷ್ಟ. ಬಫರಿನಲ್ಲೇ 4 ಡಿಗ್ರಿಯಲ್ಲಿಡಿ. ಮರುಬಳಕೆಯಲ್ಲಿ ಚಟುವಟಿಕೆ ಇಳಿದರೆ ಕಿಣ್ವ ಸತ್ತಿತು ಎಂದು ತಕ್ಷಣ ಬರೆಯಬೇಡಿ. ತೊಳೆಯುವಾಗ ಕಣಗಳೇ ಚೆಲ್ಲಿ ಹೋಗಿರಬಹುದು. ಕೊನೆಯಲ್ಲಿ ಉಳಿದದ್ದನ್ನು ಒಣಗಿಸಿ ತೂಗಿದರೆ ಗೊತ್ತಾಗುತ್ತದೆ.