ನೆರೆಗೆ ಮೊದಲು ಹಟ್ಟಿಯ ಹಗ್ಗ ನೋಡಿ

ಹೊಳೆ ಬದಿಯವರಿಗೆ ಒಂದು ಮಾತು. ದನಗಳಿಗೆ ಈಜು ಬರುತ್ತದೆ. ಆದರೆ ನೀರು ಏರಿದಾಗ ಕುತ್ತಿಗೆಯ ಹಗ್ಗವೇ ಉರುಳಾಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಉಡುಪಿಗೆ ನೆರೆ ಬಂದದ್ದು ರಾತ್ರೋರಾತ್ರಿ, ನೆನಪಿದೆ ಅಲ್ವಾ? ಹಾಗಾಗಿ ಮಳೆಗಾಲದಲ್ಲಿ ಕಗ್ಗಂಟು ಹಾಕಲೇಬೇಡಿ. ತುದಿ ಎಳೆದರೆ ಬಿಚ್ಚುವ ಗಂಟು ಸಾಕು. ಒದ್ದೆಯಾದ ತೆಂಗಿನ ನಾರಿನ ಹಗ್ಗ ಕತ್ತಲಲ್ಲಿ ಬಿಚ್ಚುವುದು ಸುಲಭವಲ್ಲ, ನಾನು ಬೆರಳು ಸುಲಿಸಿಕೊಂಡವನು! ಹಟ್ಟಿಯ ಕಂಬಕ್ಕೆ ಒಂದು ಹರಿತವಾದ ಕತ್ತಿ ಸಿಕ್ಕಿಸಿಡಿ. ನಾಯಿಯನ್ನಂತೂ ಸರಪಳಿ ಹಾಕಿ ಬಿಟ್ಟು ಹೋಗಬೇಡಿ, ಅದು ಬರೀ ಕ್ರೌರ್ಯ.

ಕಾಲಲ್ಲಿ ಗಾಯ ಇದ್ದರೆ ಗಂಬೂಟು ಹಾಕದೆ ನೀರಿಗಿಳಿಯಬೇಡಿ, ಇಲಿಜ್ವರದ ಭಯ ಇದೆ. ದನಕ್ಕೆ ಪೆಟ್ಟಾದರೆ ಪಶು ಚಿಕಿತ್ಸಾ ವಾಹನಕ್ಕೆ 1962, ಜನ ಸಿಕ್ಕಿಬಿದ್ದರೆ 112.